ಗೆಲುವಿನ ಋಣ

ಮಿಠಾಯಿ ಹಂಚುವುದರಲ್ಲೂ ಒಂದು ಧರ್ಮಸಂಕಟ ಅಡಗಿರಬಹುದೆಂದು ಹೋದ ವರ್ಷದವರೆಗೆ ನನಗೆ ಹೊಳೆದಿರಲಿಲ್ಲ. ನನ್ನ ಮಗಳು ಬೆಂಗಳೂರಿನ ದೊಡ್ಡ ಸಂಸ್ಥೆಯೊಂದರಲ್ಲಿ ಗಣಿತದ ಪದವಿಗೆ ಓದುತ್ತಿದ್ದಾಳೆ. ದೇಶದ ಪದವಿ ವಿದ್ಯಾರ್ಥಿಗಳಿಗೆಲ್ಲ ತೆರೆದಿರುವ ಗಣಿತ ಸ್ಪರ್ಧೆಯೊಂದರಲ್ಲಿ ಅವಳಿಗೆ ಬಹುಮಾನ ಬಂತು. ಸುದ್ದಿ ಕೇಳಿದ ಸಂಜೆಯೇ ನಾನು ದೇವರಾಜ ಮಾರುಕಟ್ಟೆಯ ಕಡೆ ಹೋಗಿ ಎರಡು ಕಿಲೋ ಮೈಸೂರುಪಾಕು ತಂದೆ. ಸರಸ್ವತಿಪುರದ ನಮ್ಮ ಬೀದಿಯ ಹತ್ತು ಮನೆಗಳಿಗೆ ನನ್ನ ಹೆಂಡತಿ ಹಂಚಿದಳು. ಕಾಲೇಜಿನ ಅಧ್ಯಾಪಕರ ಕೋಣೆಗೆ ನಾನೊಂದು ಡಬ್ಬಿ ಒಯ್ದೆ. ಒಂದು ಮನೆಗೆ ಮಾತ್ರ ಕೊಡಲಿಲ್ಲ. ಮರೆತು ಅಲ್ಲ, ನೆನಪಿದ್ದೂ ಕೊಡಲಿಲ್ಲ.

ಅದು ಅಗ್ರಹಾರದ ಹತ್ತಿರ ಹೊಲಿಗೆ ಅಂಗಡಿ ಇಟ್ಟುಕೊಂಡಿರುವವರ ಮನೆ. ಅವರ ಮಗಳೂ ನನ್ನ ಮಗಳೂ ಪಿ.ಯು.ಸಿ.ಯ ಎರಡು ವರ್ಷ ಒಂದೇ ಬೆಂಚಿನಲ್ಲಿ ಕೂತವರು. ಗಣಿತದಲ್ಲಿ ಇಬ್ಬರಿಗೂ ನೂರಕ್ಕೆ ನೂರು. ನಮ್ಮ ವರಾಂಡದಲ್ಲಿ ಕೂತು ಅವರು ಲೆಕ್ಕ ಮಾಡುತ್ತಿದ್ದಾಗ, ಯಾರು ಮುಂದು ಯಾರು ಹಿಂದು ಎಂದು ಹೇಳುವುದು ನನ್ನಂಥ ಕನ್ನಡ ಮೇಷ್ಟರಿಂದ ಆಗುತ್ತಿರಲಿಲ್ಲ. ಹೇಳಲೇಬೇಕೆಂದರೆ, ಆ ಹುಡುಗಿಯೇ ಒಂದು ಹೆಜ್ಜೆ ಮುಂದಿದ್ದಳೆಂದು ತೋರುತ್ತಿತ್ತು. ಪಿ.ಯು.ಸಿ. ಮುಗಿದ ಮೇಲೆ ನನ್ನ ಮಗಳು ಪ್ರವೇಶ ಪರೀಕ್ಷೆ ಬರೆದು ಬೆಂಗಳೂರಿಗೆ ಹೋದಳು. ಅಂಥದೊಂದು ಪರೀಕ್ಷೆ ಇದೆಯೆಂಬುದು ಆ ಹುಡುಗಿಗೆ ತಿಳಿದದ್ದು ಅರ್ಜಿಯ ಗಡುವು ಕಳೆದ ಮೇಲೆ. ಅವಳು ಇಲ್ಲೇ ಒಂದು ಕಾಲೇಜಿನಲ್ಲಿ ಬಿ.ಎಸ್‌ಸಿ. ಸೇರಿದಳು. ಅದೇ ಸ್ಪರ್ಧೆಯನ್ನು ಅವಳೂ ಬರೆದಿದ್ದಳು. ಬಂದ ಅಂಕ ಬೆರಳಲ್ಲಿ ಎಣಿಸುವಷ್ಟು.

ನಾನು ಕೇಳಿಕೊಂಡ ಪ್ರಶ್ನೆ ಇಷ್ಟು: ನನ್ನ ಮಗಳ ಬಹುಮಾನ ಅವಳದೆಯೇ? ಅವಳು ಕದ್ದಿಲ್ಲ, ಬೇಡಿಲ್ಲ, ಯಾರ ಶಿಫಾರಸಿನಿಂದಲೂ ಪಡೆದಿಲ್ಲ. ಮೂರು ಗಂಟೆ ಕೂತು ತನ್ನ ತಲೆಯಿಂದಲೇ ಬರೆದದ್ದು. ಆದರೂ ಪೂರ್ತಿ ಅವಳದೇ ಎನ್ನಲು ನನ್ನ ನಾಲಿಗೆ ಏಕೆ ತಡವರಿಸುತ್ತದೆ?

ಇದು ನಮ್ಮ ಬೀದಿಯ ಕಥೆ ಮಾತ್ರವಲ್ಲ. ಅಮೆರಿಕ ಮತ್ತು ಕೆನಡಾದ ಪದವಿ ವಿದ್ಯಾರ್ಥಿಗಳಿಗಾಗಿ ೧೯೩೮ರಿಂದ ನಡೆದುಬಂದಿರುವ ಪುಟ್ನಮ್ ಸ್ಪರ್ಧೆಯ ಹೆಸರನ್ನು ಗಣಿತದವರೆಲ್ಲ ಬಲ್ಲರು. ಡಿಸೆಂಬರಿನ ಒಂದು ಶನಿವಾರ, ಬೆಳಿಗ್ಗೆ ಮೂರು ಗಂಟೆ, ಮಧ್ಯಾಹ್ನ ಮೂರು ಗಂಟೆ; ಹನ್ನೆರಡು ಸಮಸ್ಯೆ, ಒಂದೊಂದಕ್ಕೆ ಹತ್ತರಂತೆ ೧೨೦ ಅಂಕ. ಸಮಸ್ಯೆಗಳು ಎಷ್ಟು ಕಠಿಣವೆಂದರೆ, ಬರೆದವರನ್ನೆಲ್ಲ ಅಂಕದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವನ ಅಂಕ ಎಷ್ಟೋ ವರ್ಷ ಸೊನ್ನೆ, ಇಲ್ಲವೆ ಒಂದು. ೨೦೨೪ರಲ್ಲಿ ಸುಮಾರು ನಾಲ್ಕು ಸಾವಿರ ಮಂದಿ, ನಾನೂರೈವತ್ತಕ್ಕೂ ಹೆಚ್ಚು ವಿದ್ಯಾಸಂಸ್ಥೆಗಳಿಂದ ಬಂದು ಬರೆದರು. ಮೊದಲ ಐದು ಸ್ಥಾನಗಳು? ಐದೂ ಒಂದೇ ಮನೆಗೆ, ಮೆಸಾಚುಸೆಟ್ಸಿನ ಎಮ್.ಐ.ಟಿ. ಎಂಬ ಸಂಸ್ಥೆಗೆ. ಅದೂ ಮೊದಲ ಸಲವಲ್ಲ. ಅದರ ಹಿಂದಿನ ಸ್ಪರ್ಧೆಗಳಲ್ಲಿಯೂ ಹೀಗೆಯೇ ಆಗಿತ್ತು. ತಂಡದ ಬಹುಮಾನವೂ ಆ ವರ್ಷ ಅವರದೇ.

ನಮ್ಮಲ್ಲಿಯೂ ನೋಟ ಬೇರೆಯಲ್ಲ. ಪುಣೆಯ ಸರ್ ಪರಶುರಾಮಭಾವು ಕಾಲೇಜೂ ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವೂ ಸೇರಿ ನಡೆಸಿಕೊಂಡು ಬಂದಿರುವ ಮಾಧವ ಗಣಿತ ಸ್ಪರ್ಧೆಗೆ ಕೇರಳದ ಪ್ರಾಚೀನ ಗಣಿತಜ್ಞ ಸಂಗಮಗ್ರಾಮದ ಮಾಧವನ ಹೆಸರಿಟ್ಟಿದ್ದಾರೆ. ಊರೂರ ಕಾಲೇಜುಗಳಿಗೂ ಅದು ತೆರೆದಿದೆ. ಆದರೆ ಮೇಲಿನ ಸಾಲಿನಲ್ಲಿ ಮತ್ತೆ ಮತ್ತೆ ಕಾಣುವುದು ಚೆನ್ನೈ ಗಣಿತ ಸಂಸ್ಥೆ, ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ, ಐ.ಐ.ಟಿ.ಗಳು. ಸಂಖ್ಯಾಶಾಸ್ತ್ರ ಸಂಸ್ಥೆಯ ಬೆಂಗಳೂರು ಕೇಂದ್ರ ಇರುವುದಾದರೂ ಎಲ್ಲಿ? ಮೈಸೂರು ರಸ್ತೆಯಲ್ಲಿಯೇ. ನಮ್ಮೂರ ಹೆಸರಿನ ದಾರಿಯಲ್ಲಿದ್ದರೂ ನಮ್ಮೂರ ಎಷ್ಟೋ ಮಕ್ಕಳಿಗೆ ಅದು ಕಾಣದ ಊರು.

ಈ ಮಾತನ್ನು ನಮ್ಮ ಕಾಲೇಜಿನ ಗಣಿತದ ಅಧ್ಯಾಪಕ ಮಿತ್ರರ ಮುಂದೆ ಇಟ್ಟೆ. ಅವರು ಮೈಸೂರುಪಾಕಿನ ಎರಡನೆಯ ತುಂಡನ್ನು ಕೈಗೆತ್ತಿಕೊಳ್ಳುತ್ತಿದ್ದರು.

“ಇದರಲ್ಲಿ ಅನ್ಯಾಯ ಎಲ್ಲಿದೆ ಹೇಳಿ,” ಎಂದರು. “ಪುಟ್ನಮ್ ಉತ್ತರಪತ್ರಿಕೆಯ ಮೇಲೆ ಸಂಖ್ಯೆ ಇರುತ್ತದೆ, ಹೆಸರಿರುವುದಿಲ್ಲ. ಯಾರ ಮಗ, ಯಾವ ಕಾಲೇಜು ಎಂದು ತಿದ್ದುವವರಿಗೆ ಗೊತ್ತಾಗುವುದಿಲ್ಲ. ನಿಮ್ಮ ಸಾಹಿತ್ಯದ ಬಹುಮಾನಗಳ ಹಾಗಲ್ಲ ಇದು. ಉತ್ತರ ಸರಿ, ಇಲ್ಲ ತಪ್ಪು. ಚೆನ್ನಾಗಿರುವವರು ಚೆನ್ನಾಗಿರುವ ಕಡೆ ಸೇರುತ್ತಾರೆ, ಸೇರಿದವರು ಗೆಲ್ಲುತ್ತಾರೆ. ನೀವೇನು ಎಮ್.ಐ.ಟಿ.ಯವರ ಕೈ ಕಟ್ಟಿಹಾಕಿ ಬರೆಸುತ್ತೀರಾ?”

ಸಾಹಿತ್ಯದ ಬಹುಮಾನದ ಮಾತಿಗೆ ನಾನು ಉತ್ತರ ಕೊಡಲಿಲ್ಲ. ಕೊಡಲು ಧೈರ್ಯವೂ ಇರಲಿಲ್ಲ. ಉಳಿದದ್ದರಲ್ಲಿ ಬಹುಪಾಲು ನಿಜ. ಕೈ ಕಟ್ಟಿಹಾಕುವುದು ಪರಿಹಾರವಲ್ಲ. ಜಾಣರು ಒಂದೆಡೆ ಸೇರುವುದು ಪಾಪವೂ ಅಲ್ಲ. ಮೈಸೂರಿನಲ್ಲಿ ಹುಟ್ಟಿದವನಿಗೆ ಇದನ್ನು ಗಣಿತದವರು ಹೇಳಿಕೊಡಬೇಕಾಗಿಲ್ಲ, ನಮ್ಮ ಗರಡಿಮನೆಗಳೇ ಹೇಳುತ್ತವೆ. ಪೈಲ್ವಾನನನ್ನು ತಯಾರಿಸುವುದು ಹಾಲು, ಬಾದಾಮಿ, ಬಸ್ಕಿ ಇಷ್ಟೇ ಅಲ್ಲ. ದಿನವೂ ಮಟ್ಟಿಯಲ್ಲಿ ತನಗಿಂತ ಒಂದು ಕೈ ಮೇಲಿರುವವನೊಡನೆ ತೊಡೆ ತಟ್ಟಿ ನಿಲ್ಲುವ ಅವಕಾಶ. ಒಂಟಿಯಾಗಿ ಮನೆಯ ಹಿತ್ತಲಿನಲ್ಲಿ ಸಾಮು ಮಾಡಿದವನು ಬಲಶಾಲಿಯಾಗಬಹುದು, ಪಟ್ಟು ಕಲಿಯಲಾರ. ಎಮ್.ಐ.ಟಿ.ಯೂ ಅಂಥದೊಂದು ಗರಡಿ. ಒಲಿಂಪಿಯಾಡುಗಳಲ್ಲಿ ಪಳಗಿದ ಹುಡುಗರು ಅಲ್ಲಿಗೆ ಬರುತ್ತಾರೆ. ಮೊದಲ ವರ್ಷದವರಿಗಾಗಿಯೇ ಸಮಸ್ಯೆ ಬಿಡಿಸುವ ಗೋಷ್ಠಿಯೊಂದು ನಡೆಯುತ್ತದೆ. ಊಟದ ಮೇಜಿನಲ್ಲಿಯೂ ಲೆಕ್ಕದ ಮಾತೇ. ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿಯೂ ಹಿಂದೆ ಹೀಗೆಯೇ ಇತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ರೌತ್ ಎಂಬ ಒಬ್ಬನೇ ಖಾಸಗಿ ಬೋಧಕ ಇಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ಅಲ್ಲಿನ ಟ್ರೈಪಾಸ್ ಪರೀಕ್ಷೆಯ ಮೊದಲ ಸ್ಥಾನಕ್ಕೆ, ಸೀನಿಯರ್ ರ‍್ಯಾಂಗ್ಲರ್ ಪದವಿಗೆ ಏರಿಸಿದ. ಅಷ್ಟೊಂದು ಮಂದಿ ಪ್ರತಿಭಾವಂತರು ಒಬ್ಬನ ಮನೆಯ ಬಾಗಿಲಲ್ಲೇ ಹುಟ್ಟಿದ್ದರೆಂದು ಯಾರೂ ನಂಬಲಾರರು. ಉಸ್ತಾದನ ಕೈ ಅದು.

ಆದರೆ ಗರಡಿಯ ಮಾತು ಬಂದ ಮೇಲೆ ಅದನ್ನು ಪೂರ್ತಿ ಹೇಳಬೇಕು. ದಸರಾ ಕುಸ್ತಿಗೆ ಮುಂಚೆ ನಮ್ಮೂರಿನಲ್ಲಿ ಜೋಡಿ ಕಟ್ಟುವ ಕಾರ್ಯ ನಡೆಯುತ್ತದೆ. ಬಲ್ಲ ಹಿರಿಯರು ಕೂತು ಮೈಕಟ್ಟು, ತೂಕ, ಅನುಭವ ನೋಡಿ ಸಮನಿಗೆ ಸಮನನ್ನು ಜೊತೆ ಮಾಡುತ್ತಾರೆ. ಹತ್ತು ವರ್ಷ ಮಣ್ಣು ಹೊತ್ತವನ ಎದುರು ನಿನ್ನೆ ಲಂಗೋಟಿ ಕಟ್ಟಿದವನನ್ನು ನಿಲ್ಲಿಸಿದರೆ ಕುಸ್ತಿ ಮುಗಿಯುವುದಕ್ಕೆ ಅರೆ ನಿಮಿಷ ಸಾಕು. ಗೆದ್ದವನು ಯಾವ ಮೋಸವನ್ನೂ ಮಾಡಿರುವುದಿಲ್ಲ. ಆದರೂ ನೋಡಲು ಬಂದವರು ಚಪ್ಪಾಳೆ ತಟ್ಟುವುದಿಲ್ಲ. ಆ ಗೆಲುವಿನಲ್ಲಿ ಅನ್ಯಾಯವಿಲ್ಲ, ಗೌರವವೂ ಇಲ್ಲ. ನ್ಯಾಯ ಮತ್ತು ಗೌರವ ಎರಡೂ ಒಂದೇ ಎಂದು ನನ್ನ ಮಿತ್ರರು ಭಾವಿಸಿದ್ದರು. ಅವರ ತಪ್ಪು ಅಲ್ಲಿದೆ ಎಂದು ನನಗೆ ತೋರುತ್ತದೆ.

ಆ ಹುಡುಗಿ ಒಂದು ಸಂಜೆ ಮಗಳ ಹಳೆಯ ಪುಸ್ತಕವೊಂದನ್ನು ಹಿಂದಿರುಗಿಸಲು ಬಂದಿದ್ದಳು. “ಪರೀಕ್ಷೆ ಅಷ್ಟು ಕಷ್ಟವಿತ್ತೇನಮ್ಮ?” ಎಂದು ಕೇಳಿದೆ.

“ಕಷ್ಟ ಅಂತಲ್ಲ ಸರ್,” ಎಂದಳು. “ಒಂದು ಪ್ರಶ್ನೇಲಿ ಬೈಜೆಕ್ಷನ್ ಅಂತಿತ್ತು. ಆ ಪದಾನೇ ನಾನು ಕೇಳಿರಲಿಲ್ಲ. ಅದನ್ನ ನೋಡಿ ಹೆದರಿ ಮುಂದಿನದೂ ಓದಲಿಲ್ಲ. ಆಮೇಲೆ ಮನೆಗೆ ಬಂದು ನೋಡಿದರೆ ಏನೂ ಇಲ್ಲ ಸರ್. ಅಪ್ಪ ಷರಟಿಗೆ ಗುಂಡಿ ಇಡೋ ಹಾಗೆ. ಗುಂಡಿಗೊಂದು ಕಾಜ, ಕಾಜಕ್ಕೊಂದು ಗುಂಡಿ, ಯಾವುದೂ ಉಳೀಬಾರದು. ಅಷ್ಟೇ.”

ಅಷ್ಟೇ! ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಹುಡುಗಿ ಅವಳು. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದನೆಂದು ಪ್ರತಿ ವರ್ಷ ತರಗತಿಯಲ್ಲಿ ಹೆಮ್ಮೆಯಿಂದ ಹೇಳುವವನು ನಾನು. ಆ ಹೆಮ್ಮೆ ಈ ಹುಡುಗಿಯ ಕೈಗೆ ಒಂದು ಪದವನ್ನೂ ಕೊಡಲಿಲ್ಲ. ನನ್ನ ಮಗಳಿಗೆ ಆ ಪದ ಸೇರಿದ ಮೊದಲ ವಾರದಲ್ಲಿಯೇ ಸಿಕ್ಕಿತ್ತಂತೆ. ಇಬ್ಬರ ನಡುವಣ ಅಂತರದಲ್ಲಿ ಬುದ್ಧಿಯ ಪಾಲೆಷ್ಟು, ಒಂದು ವಾರದ ಪಾಲೆಷ್ಟು?

“ಅದೆಲ್ಲ ಹುಟ್ಟುಗುಣ, ದೊಡ್ಡ ಸಂಸ್ಥೆಗಳು ಯಾವಾಗಲೂ ಗೆಲ್ಲುತ್ತವೆ” ಎಂದು ಹೇಳುವವರಿಗೆ ಪುಟ್ನಮ್ ಸ್ಪರ್ಧೆಯ ಚರಿತ್ರೆಯೇ ಉತ್ತರ ಕೊಡುತ್ತದೆ. ೧೯೩೮ರ ಮೊದಲ ಸ್ಪರ್ಧೆಯಲ್ಲಿ ತಂಡದ ಬಹುಮಾನ ಗೆದ್ದದ್ದು ಕೆನಡಾದ ಟೊರಾಂಟೊ ವಿಶ್ವವಿದ್ಯಾನಿಲಯ. ೧೯೩೯ರಲ್ಲಿ, ಮತ್ತೆ ೧೯೪೧ರಲ್ಲಿ, ಗೆದ್ದದ್ದು ನ್ಯೂಯಾರ್ಕಿನ ಬ್ರೂಕ್ಲಿನ್ ಕಾಲೇಜು. ಅದು ೧೯೩೦ರಲ್ಲಿ ಹುಟ್ಟಿದ, ಊರಿನ ಹಣದಿಂದ ನಡೆಯುತ್ತಿದ್ದ, ಬೋಧನಾ ಶುಲ್ಕವಿಲ್ಲದ ಕಾಲೇಜು. ೧೯೬೧, ೧೯೬೩, ೧೯೬೭ರಲ್ಲಿ ಗೆದ್ದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾನಿಲಯ ಮೊದಲಿಗೆ ಒಕ್ಕಲುತನ ಕಲಿಸಲು ಕಟ್ಟಿದ ಶಾಲೆ. ಬಾಗಿಲು ತೆರೆದಿದ್ದ ಕಡೆ, ಒಳಗೆ ಒಬ್ಬಿಬ್ಬರು ಶ್ರದ್ಧಾವಂತ ಅಧ್ಯಾಪಕರಿದ್ದ ಕಡೆ, ಗೆಲುವು ಹೋಗಿದೆ. ಹೋಗುವುದು ನಿಂತಿದ್ದರೆ ಅದು ಪ್ರಕೃತಿಯ ನಿಯಮವಲ್ಲ, ಮನುಷ್ಯರ ವ್ಯವಸ್ಥೆ.

ಆ ಮೊದಲ ವರ್ಷಗಳಲ್ಲಿ ಇನ್ನೊಂದು ಸೊಗಸಾದ ಕಟ್ಟಳೆ ಇತ್ತು. ಈ ವರ್ಷ ಗೆದ್ದ ಸಂಸ್ಥೆಯ ಗಣಿತ ವಿಭಾಗವೇ ಮುಂದಿನ ವರ್ಷದ ಪ್ರಶ್ನೆಗಳನ್ನು ಸಿದ್ಧಪಡಿಸಬೇಕು. ಅದರ ವಿದ್ಯಾರ್ಥಿಗಳು ಆ ವರ್ಷ ಸ್ಪರ್ಧೆಯಿಂದ ಹೊರಗಿರಬೇಕು. ಟೊರಾಂಟೊ ಹೀಗೆ ಬಿಟ್ಟುಕೊಟ್ಟ ವರ್ಷಗಳಲ್ಲಿಯೇ ಬ್ರೂಕ್ಲಿನ್ ಗೆದ್ದದ್ದು. ಕಟ್ಟಳೆ ಹುಟ್ಟಿದ್ದು ಪ್ರಶ್ನೆಗಳ ಗುಟ್ಟು ಕಾಯುವ ಅನುಕೂಲಕ್ಕಿರಬಹುದು. ಆದರೆ ನನಗೆ ಅದರಲ್ಲಿ ಒಂದು ಧರ್ಮಸೂಕ್ಷ್ಮ ಕಾಣುತ್ತದೆ. ಗೆದ್ದವನ ಮರುದಿನದ ಕೆಲಸ ಮತ್ತೆ ಗೆಲ್ಲುವುದಲ್ಲ, ಇತರರಿಗೆ ಒಳ್ಳೆಯ ಪ್ರಶ್ನೆಯನ್ನು ಕೊಡುವುದು.

ಹಾಗಾದರೆ ಸ್ಪರ್ಧೆಗಳನ್ನೇ ನಿಲ್ಲಿಸಿಬಿಡೋಣವೆ? ಗಣಿತಜ್ಞ ಹಾರ್ಡಿ ಟ್ರೈಪಾಸಿನ ಮೇಲೆ ದಂಡೆತ್ತಿ ಹೋದವರಲ್ಲಿ ಒಬ್ಬರು. ತಾವೇ ೧೮೯೮ರಲ್ಲಿ ನಾಲ್ಕನೆಯ ರ‍್ಯಾಂಗ್ಲರ್ ಆದವರು. ಆದರೂ ಆ ಪರೀಕ್ಷೆ ಗಣಿತವನ್ನು ಕುದುರೆ ಜೂಜಿನ ಮಟ್ಟಕ್ಕೆ ತಂದಿದೆ ಎಂಬುದು ಅವರ ಭಾವನೆ. ೧೯೦೯ರ ನಂತರ ಕೇಂಬ್ರಿಜ್ಜಿನಲ್ಲಿ ರ‍್ಯಾಂಗ್ಲರುಗಳ ಹೆಸರನ್ನು ಅಂಕದ ಕ್ರಮದಲ್ಲಿ ಪ್ರಕಟಿಸುವುದು ನಿಂತಿತು. ಆದರೆ ಅದರಿಂದ ಬಾಗಿಲ ಹೊರಗಿದ್ದವನಿಗೆ ಬಾಗಿಲು ತೆರೆಯಲಿಲ್ಲ. ಅಳತೆಗೋಲನ್ನು ಮುರಿದರೆ ಅಳತೆ ನಿಲ್ಲುತ್ತದೆ, ಕುಳ್ಳಗಿರುವವನು ಎತ್ತರವಾಗುವುದಿಲ್ಲ. ಅಷ್ಟೇ ಅಲ್ಲ, ಹೆಸರಿಲ್ಲದ ಊರಿನ ಹುಡುಗನಿಗೆ ತನ್ನನ್ನು ತೋರಿಸಿಕೊಳ್ಳಲು ಇರುವ ಒಂದೇ ವೇದಿಕೆ ಎಷ್ಟೋ ಸಲ ಇಂಥ ಸ್ಪರ್ಧೆಯೇ. ಬೆಳಗಾವಿ ಜಿಲ್ಲೆಯ ಹಳ್ಳಿಯಲ್ಲಿ ಹುಟ್ಟಿದ ಡಿ. ಸಿ. ಪಾವಟೆಯವರು ಕೇಂಬ್ರಿಜ್ಜಿಗೆ ಹೋಗಿ ರ‍್ಯಾಂಗ್ಲರ್ ಆದರು. ಅದು ಅವರಿಗೆ ಒಂದು ಕಿರೀಟವಾಗಿ ಉಳಿಯಬಹುದಾಗಿತ್ತು. ಆದರೆ ೧೯೫೪ರಿಂದ ೧೯೬೭ರವರೆಗೆ ಅವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ, ಉತ್ತರ ಕರ್ನಾಟಕದ ಸಾವಿರಾರು ಮಕ್ಕಳು ಕೇಂಬ್ರಿಜ್ಜಿಗೆ ಹೋಗದೆಯೇ ಓದುವಂಥ ಒಂದು ವಿದ್ಯಾಲಯವನ್ನು ಬೆಳೆಸಿದರು. ಕಿರೀಟವನ್ನು ಬಾಗಿಲಾಗಿ ಮಾಡಿದವರ ಕಥೆ ಇದು.

ಇನ್ನೊಂದು ಸುಲಭದ ದಾರಿಯಿದೆ. ಅದು ಸಮಾಧಾನದ ದಾರಿ. “ರಾಮಾನುಜನ್ ಪರೀಕ್ಷೆಯಲ್ಲಿ ಫೇಲಾಗಿರಲಿಲ್ಲವೆ? ನೀನೂ ಯೋಚಿಸಬೇಡ” ಎಂದು ಬೆನ್ನು ತಟ್ಟಿ ಕಳುಹಿಸುವುದು. ಆ ಸಂಜೆ ನಾನೂ ಅದನ್ನೇ ಹೇಳಲು ಬಾಯಿ ತೆರೆದಿದ್ದೆ, ಪುಣ್ಯಕ್ಕೆ ಹೇಳಲಿಲ್ಲ. ರಾಮಾನುಜನ್ ಕಾಲೇಜು ಪರೀಕ್ಷೆಯಲ್ಲಿ ಸೋತದ್ದು ನಿಜ. ಆದರೆ ಸೋಲು ಅವರನ್ನು ರಾಮಾನುಜನ್ ಆಗಿಸಲಿಲ್ಲ. ೧೯೦೩ರ ಸುಮಾರಿಗೆ ಕುಂಭಕೋಣದಲ್ಲಿ ಅವರ ಕೈಗೆ ಒಂದು ಪುಸ್ತಕ, ಕಾರ್ ಎಂಬಾತನ ಸೂತ್ರಸಂಗ್ರಹ, ಬಂತು. ೧೯೧೩ರಲ್ಲಿ ಅವರು ಬರೆದ ಕಾಗದಕ್ಕೆ ಹಾರ್ಡಿ ಉತ್ತರ ಬರೆದರು. ಒಂದು ಪುಸ್ತಕ, ಒಂದು ಉತ್ತರ. ಇವೆರಡನ್ನೂ ಕೊಡದೆ ರಾಮಾನುಜನ್ನರ ಹೆಸರನ್ನು ಮಾತ್ರ ಕೊಡುವುದು ಹಸಿದವನಿಗೆ ಅಡುಗೆಮನೆಯ ಹೊಗೆಯನ್ನು ತೋರಿಸಿದ ಹಾಗೆ.

ಸ್ಪರ್ಧೆಯೊಂದೇ ಗಣಿತವಲ್ಲ ಎಂಬುದಕ್ಕೆ ನಮ್ಮೂರಿನಲ್ಲಿಯೇ ಸಾಕ್ಷಿ ಇದೆ. ರಾಮಾನುಜನ್ನರು ನೋಟ್‌ಬುಕ್ಕುಗಳಲ್ಲಿ ಸಾಧನೆ ಕೊಡದೆ ಬರೆದಿಟ್ಟ ಸೂತ್ರಗಳನ್ನು ಒಂದೊಂದಾಗಿ ಸಾಧಿಸುವ ಕೆಲಸದಲ್ಲಿ ಮಾನಸಗಂಗೋತ್ರಿಯ ಪಾಲು ದೊಡ್ಡದು. ಎರಡನೆಯ ನೋಟ್‌ಬುಕ್ಕಿನ ೧೬ನೆಯ ಅಧ್ಯಾಯವನ್ನು ಕುರಿತು ಅಮೆರಿಕದ ಗಣಿತ ಸಂಘ ೧೯೮೫ರಲ್ಲಿ ಪ್ರಕಟಿಸಿದ ಗ್ರಂಥದ ಮೇಲೆ ಬರ್ನ್ಟ್, ವಾಟ್ಸನ್ ಎಂಬ ಹೆಸರುಗಳ ಜೊತೆಗೆ ಇಲ್ಲಿನ ಚಂದ್ರಶೇಖರ ಅಡಿಗ, ಎಸ್. ಭಾರ್ಗವ ಅವರ ಹೆಸರುಗಳಿವೆ. ಕೆ. ವೆಂಕಟಾಚಲಯ್ಯಂಗಾರ್ಯರು ರಾಮಾನುಜನ್ನರ ದಾರಿಯಲ್ಲಿ ಎಲಿಪ್ಟಿಕ್ ಫಲನಗಳನ್ನು ಬೆಳೆಸಿ ಬರೆದ ಪುಸ್ತಕ ೧೯೮೮ರಲ್ಲಿ ಬಂತು. ಅವರು ತೀರಿಕೊಂಡ ಮೇಲೆ, ೨೦೧೨ರಲ್ಲಿ, ಹೊರದೇಶದಲ್ಲಿ ಮತ್ತೆ ಅಚ್ಚಾಯಿತು. ಇವು ಮೂರು ಗಂಟೆಯ ಕೆಲಸಗಳಲ್ಲ, ವರ್ಷಗಳ ಕೆಲಸ. ಕುಕ್ಕರಹಳ್ಳಿ ಕೆರೆಯ ಆಚೆ ದಡದಲ್ಲಿ ನಡೆದ ಕೆಲಸ. ಈ ದಡದ ಮಕ್ಕಳಿಗೆ ಇದರ ಸುಳಿವೂ ಇಲ್ಲದಿರುವುದು ಮಕ್ಕಳ ತಪ್ಪಲ್ಲ.

ಈಗ ನನ್ನ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರವನ್ನು ಹೇಳುತ್ತೇನೆ. ಬಹುಮಾನ ನನ್ನ ಮಗಳದೇ. ಅದನ್ನು ಅವಳಿಂದ ಯಾರೂ ಕಿತ್ತುಕೊಳ್ಳತಕ್ಕದ್ದಲ್ಲ. ಆದರೆ ಅದು ಸಾಲ ಮಾಡಿ ಕಟ್ಟಿಸಿದ ಮನೆಯ ಹಾಗೆ ಅವಳದು. ವಾಸ ಮಾಡುವ ಹಕ್ಕಿದೆ, ಸಾಲ ಉಳಿದಿದೆ. ಸಾಲ ಕೊಟ್ಟವರು ಯಾರು? ಇಂಥ ಸಂಸ್ಥೆಗಳನ್ನು ನಡೆಸುವ ಸಾರ್ವಜನಿಕ ಹಣದಲ್ಲಿ ಆ ದರ್ಜಿಯವರು ಕೊಂಡ ನೂಲಿನ ತೆರಿಗೆಯೂ ಇದೆ. ಜೊತೆಯಲ್ಲಿ ಕೂತು ಎರಡು ವರ್ಷ ಅವಳ ಬುದ್ಧಿಯನ್ನು ಸಾಣೆ ಹಿಡಿದ ಗೆಳತಿಯೂ ಇದ್ದಾಳೆ. ಇನ್ನೊಂದು ಮಾತು: ಸ್ಪರ್ಧೆಯ ಗೌರವ ಗೆದ್ದವನಿಂದ ಹುಟ್ಟುವುದಿಲ್ಲ, ಗೆಲ್ಲಬಹುದಾಗಿದ್ದವರು ಎಷ್ಟು ಮಂದಿ ಎಂಬುದರಿಂದ ಹುಟ್ಟುತ್ತದೆ. ನೂರು ಮಂದಿ ಗೆಲ್ಲಬಹುದಾಗಿದ್ದ ಕಡೆ ಒಬ್ಬ ಗೆದ್ದರೆ ಅದು ಗೆಲುವು. ಐದು ಮಂದಿ ಮಾತ್ರ ಗೆಲ್ಲಬಹುದಾಗಿದ್ದ ಕಡೆ ಐವರೂ ಗೆದ್ದರೆ ಅದು ಹಂಚಿಕೆ. ಆದ್ದರಿಂದ ತನ್ನ ಎದುರಾಳಿಯನ್ನು ಬಲಪಡಿಸುವುದು ಗೆದ್ದವನು ಮಾಡುವ ದಾನವಲ್ಲ; ತನ್ನ ಗೆಲುವಿಗೇ ಬೆಲೆ ತರುವ ಕೆಲಸ.

ಇಷ್ಟನ್ನು ಹೇಳುವುದು ಸುಲಭ, ಏಕೆಂದರೆ ಇದೆಲ್ಲ ಮಗಳ ಋಣದ ಮಾತು. ನನ್ನದನ್ನು ಹೇಳುವುದು ಕಷ್ಟ. ಆ ಪ್ರವೇಶ ಪರೀಕ್ಷೆಯ ಸುದ್ದಿಯನ್ನು ನಮ್ಮ ಮನೆಗೆ ತಂದವನು ನಾನು. ಅರ್ಜಿಯ ಗಡುವಿಗೆ ಇನ್ನೂ ಮೂರು ವಾರವಿತ್ತು. ಆ ಮೂರು ವಾರದಲ್ಲಿ ಆ ಹುಡುಗಿ ನಮ್ಮ ವರಾಂಡಕ್ಕೆ ನಾಲ್ಕೈದು ಸಲವಾದರೂ ಬಂದಿದ್ದಳು. ನಾನು ಹೇಳಲಿಲ್ಲ. ಮರೆತೆ ಎಂದು ಎರಡು ವರ್ಷ ನನಗೆ ನಾನೇ ಹೇಳಿಕೊಂಡೆ. ಮರೆತಿರಲಿಲ್ಲ. ಇರುವ ಸ್ಥಾನಗಳು ಕೆಲವೇ, ಒಬ್ಬಳು ಹೆಚ್ಚಾದರೆ ಎಂಬ ಲೆಕ್ಕ ಮನಸ್ಸಿನ ಯಾವುದೋ ಮೂಲೆಯಲ್ಲಿ ನಡೆದಿತ್ತು. ಗಣಿತ ಬಾರದ ಕನ್ನಡ ಮೇಷ್ಟರಿಗೆ ಆ ಲೆಕ್ಕ ಮಾತ್ರ ಚೆನ್ನಾಗಿ ಬಂದಿತ್ತು. ದೊಡ್ಡ ಸಂಸ್ಥೆಗಳ ಪ್ರಾಬಲ್ಯದ ಬಗೆಗೆ ನಾವು ದೂರುತ್ತೇವೆ. ಅದರ ಬೇರು ಬೋಸ್ಟನ್ನಿನಲ್ಲಿಯೂ ಬೆಂಗಳೂರಿನಲ್ಲಿಯೂ ಇರುವಷ್ಟೇ ನಮ್ಮ ವರಾಂಡಗಳಲ್ಲಿಯೂ ಇದೆ. ಮುಚ್ಚಿದ ಬಾಗಿಲಿಗಿಂತ, ಬಾಗಿಲಿದೆಯೆಂದು ಹೇಳದೆ ಉಳಿದ ಬಾಯಿ ಹೆಚ್ಚು ಮಂದಿಯನ್ನು ಹೊರಗಿಟ್ಟಿರಬಹುದು.

ಕಳೆದ ಭಾನುವಾರ ಆ ಅಂಗಡಿಗೆ ಹೋದೆ. ಮಿಠಾಯಿ ಒಯ್ಯಲಿಲ್ಲ, ಅದರ ಹೊತ್ತು ಮೀರಿತ್ತು. ಮಗಳ ಎರಡು ವರ್ಷದ ಟಿಪ್ಪಣಿ ಪುಸ್ತಕಗಳನ್ನು ಅವಳಿಗೆ ಹೇಳಿಯೇ ಕಟ್ಟಿಕೊಂಡು ಹೋಗಿದ್ದೆ. ಜೊತೆಗೆ ಎಂ.ಎಸ್‌ಸಿ. ಪ್ರವೇಶ ಪರೀಕ್ಷೆಗಳ ಹೆಸರು, ಅರ್ಜಿಯ ತಾರೀಕುಗಳನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದಿದ್ದೆ. ದರ್ಜಿಯವರು ಯಂತ್ರ ನಿಲ್ಲಿಸಿ ಎದ್ದು ನಿಂತರು. “ಬನ್ನಿ ಮೇಷ್ಟ್ರೇ, ಕೂತ್ಕೊಳಿ. ಮಗಳು ಟ್ಯೂಷನ್ ಹೇಳೋಕೆ ಹೋಗಿದ್ದಾಳೆ,” ಎಂದರು. ಆಮೇಲೆ, “ನಿಮ್ಮ ಮಗೂಗೆ ಬಹುಮಾನ ಬಂತಂತಲ್ಲ, ಬಹಳ ಸಂತೋಷ ಆಯ್ತು,” ಎಂದರು.

ಮೂರು ವಾರದ ಮಾತನ್ನು ಅವರಿಗೆ ಹೇಳಬೇಕೆಂದೇ ಹೋಗಿದ್ದೆ. ಅವರು ಚಹಾ ತರಿಸಿದರು. ಕುಡಿದು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಳೆಯನ್ನು ಮಡಿಸಿ ಅಳತೆಯ ಪುಸ್ತಕದೊಳಗೆ ಇಟ್ಟುಕೊಂಡರು. “ಈ ತಾರೀಕು ಸರಿಯಾಗಿದೆಯಲ್ಲ ಮೇಷ್ಟ್ರೇ?” ಎಂದು ಮಾತ್ರ ಕೇಳಿದರು.

ಸರಿಯಾಗಿದೆ ಎಂದೆ. ಮನೆಗೆ ಬಂದು ಇನ್ನೊಮ್ಮೆ ನೋಡಿದೆ.